ಮೊದಲ ಪಂಕ್ತಿಯಲ್ಲಿ ಭದ್ರಮ್ಮ

ಪಟ್ಟಂದೂರು ಅಗ್ರಹಾರದಲ್ಲಿ ನಾನು ಬಾಡಿಗೆಗಿರುವ ಮನೆಯ ಓನರ್ ಭದ್ರಮ್ಮ. ಅವರ ರಾಗಿ ಹೊಲದಲ್ಲಿ ಈಗ ಮೂರಂತಸ್ತಿನ ಕಟ್ಟಡ ನಿಂತಿದೆ. ನೀರಿನ ಮೋಟರ್ ಹಾಕುವುದರಿಂದ ಹಿಡಿದು ಬಾಡಿಗೆಯವರ ಮಕ್ಕಳನ್ನು ಗದರುವವರೆಗೆ ಎಲ್ಲವೂ ಅವರದೇ ಕಾರುಬಾರು. ಯಾರಿಗೂ ಜಗ್ಗದ ಈ ಹೆಂಗಸು ಹೆದರಿದ್ದು ಒಂದು ಸಣ್ಣ ಸೂಜಿಗೆ.

ಬಲಗಾಲಿನ ಹೆಬ್ಬೆರಳ ಹುಣ್ಣು ತಿಂಗಳುಗಟ್ಟಲೆ ಮಾಯದೆ ಕೂತಿತ್ತು. ರಕ್ತದ ಸಕ್ಕರೆ ಇಳಿಯದಿದ್ದರೆ ಬೆರಳು ತೆಗೆಯಬೇಕಾದೀತು ಎಂದರು ಡಾಕ್ಟರ್ ಯಾಮಿನಿ. ಮಗ ಮನುವಿನ ಮದುವೆ ಬೇರೆ ಗೊತ್ತಾಗಿತ್ತು. ವಿಧಿಯಿಲ್ಲದೆ, ಊಟದ ಹೊತ್ತಿಗೆ ಇನ್ಸುಲಿನ್ ಚುಚ್ಚಿಕೊಳ್ಳಲು ಒಪ್ಪಿದರು.

ಆದರೆ ಆ ಮನೆಯಲ್ಲೊಂದು ಕಟ್ಟುಪಾಡು. ಎಲ್ಲರೂ ಉಂಡೆದ್ದ ಮೇಲೇ ಮನೆಯೊಡತಿ ಉಣ್ಣಬೇಕು. ಅತ್ತೆ ಹಾಗೆ ಮಾಡಿದ್ದರು, ಇವರೂ ಹಾಗೇ. ಒಂದು ಭಾನುವಾರ ನೆಂಟರು ಬಂದಾಗ ಭದ್ರಮ್ಮ ಇನ್ಸುಲಿನ್ ಚುಚ್ಚಿಕೊಂಡು ಬಡಿಸಲು ನಿಂತರು. ನೆಂಟರೋ, ಹರಟುತ್ತಾ ಸಾವಕಾಶವಾಗಿ ಉಂಡರು. ಮೋಟರ್ ಹಾಕಿ ಎನ್ನಲು ನಾನು ಕೆಳಗಿಳಿದಾಗ ಭದ್ರಮ್ಮ ಅಡುಗೆಮನೆಯ ಗೋಡೆಗೊರಗಿ ಗಡಗಡ ನಡುಗುತ್ತಿದ್ದರು. ರವಿಕೆ ಬೆವರಿನಲ್ಲಿ ತೊಯ್ದಿತ್ತು, ಮಾತು ತೊದಲುತ್ತಿತ್ತು. ಮಗಳು ದೀಪಶ್ರೀ ಓಡಿಬಂದು ಸಕ್ಕರೆ ನೀರು ಕುಡಿಸಿದಳು.

"ಶುಗರ್‌ನೋರಿಗೆ ಸಕ್ರೆ ಕೊಡ್ತೀಯಲ್ಲೇ!" ಎಂದು ನೆಂಟರೊಬ್ಬರು ಕೂಗಿದರು. ಸ್ವಲ್ಪ ಹೊತ್ತಿಗೆ ಆ ಸಕ್ಕರೆಯಿಂದಲೇ ಭದ್ರಮ್ಮ ಚೇತರಿಸಿಕೊಂಡರು.

"ಇನ್ನ ಆ ಸೂಜಿ ಮುಟ್ಟಾಕಿಲ್ಲ," ಎಂದರು ಭದ್ರಮ್ಮ.

ಮಾರನೆಯ ದಿನ ಡಾಕ್ಟರ್ ರೇಗಲಿಲ್ಲ. "ತಪ್ಪು ಸೂಜಿದಲ್ಲ ಭದ್ರಮ್ಮ, ಚುಚ್ಕೊಂಡು ಉಣ್ದೇ ನಿಂತಿದ್ದು. ಈ ಇನ್ಸುಲಿನ್ನ ಊಟ ಮುಂದೆ ಬಂದ್ಮೇಲೆ ತಗೊಳ್ಳಿ, ತಕ್ಷಣ ಉಣ್ಣಿ. ಸೆರಗಲ್ಲಿ ಒಂಚೂರು ಸಕ್ಕರೆ ಕಟ್ಕೊಂಡಿರಿ, ನಡುಕ ಬಂದ್ರೆ ಬಾಯಿಗೆ ಹಾಕ್ಕೊಳ್ಳಿ. ಶುಗರ್ ಒಂದೇ ಸಲ ಇಳಿಸೋದು ಬೇಡ, ಮೀಟರಲ್ಲಿ ನೋಡ್ಕೊಂಡು ಮೆಲ್ಲಗೆ ಇಳಿಸೋಣ."

ಭದ್ರಮ್ಮ ಮತ್ತೆ ಸೂಜಿ ಹಿಡಿದರು; ಶುಗರ್ ಮೆಲ್ಲಗೇ ಇಳಿಯಿತು. ಮದುವೆಯ ಹೊತ್ತಿಗೆ ಹುಣ್ಣು ಒಣಗಿ ಹೊಸ ಚರ್ಮ ಬಂದಿತ್ತು. ನನಗೆ ಚಿಂತೆಯಿದ್ದದ್ದು ಬೀಗರೂಟದ್ದು. ಊರೆಲ್ಲ ನೋಡುವಾಗ ಇವರು ಮತ್ತೆ ಕೊನೆಯವರೆಗೂ ಉಪವಾಸ ನಿಂತುಬಿಟ್ಟರೆ?

ಶಾಮಿಯಾನದಡಿ ಎಲೆ ಹಾಕಿದರು. ಬೀಗರು ಕೂರುತ್ತಿದ್ದಂತೆ ಭದ್ರಮ್ಮನೂ ಮೊದಲ ಪಂಕ್ತಿಯಲ್ಲೇ ಕೂತರು! ಮುದ್ದೆ, ಸಾರು ಎಲೆಗೆ ಬಿದ್ದ ಮೇಲೆ ಸೆರಗಿನ ಮರೆಯಲ್ಲಿ ಹೊಟ್ಟೆಗೆ ಚುಚ್ಚಿಕೊಂಡರು. ಗಂಡನ ಅಣ್ಣ ಆಂಜಿನಪ್ಪ ಧಾವಿಸಿ ಬಂದರು.

"ಏನಮ್ಮಾ, ಮನೆಯೋಳೇ ಬೀಗರ ಜೊತೆ ಉಣ್ಣಾಕೆ ಕುಂತ್ರೆ ಮರ್ವಾದೆ ಏನಾಗ್ಬೇಕು?"

ನನಗೆ ಮೈ ಉರಿಯಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಭದ್ರಮ್ಮ ಮುದ್ದೆ ಮುರಿದಿದ್ದರು.

"ಬಡಿಸಾಕೆ ಕಾಲು ಇರ್ಬೇಕಲ್ಲ ಭಾವ? ಅದ್ಕೇ ಉಣ್ತಾ ಇವ್ನಿ. ಒಸಿ ಸಾರು ಆಕಿ."

ಪಂಕ್ತಿಯೆಲ್ಲ ಗೊಳ್ಳೆಂದಿತು. ಆಂಜಿನಪ್ಪನವರೇ ಸಾರಿನ ಬಕೆಟ್ ಎತ್ತಿಕೊಂಡರು.

ಉಂಡೆದ್ದ ಭದ್ರಮ್ಮ ಸೆರಗು ಸಿಕ್ಕಿಸಿ ಉಳಿದ ಪಂಕ್ತಿಗಳಿಗೆಲ್ಲ ತಾವೇ ಬಡಿಸಿದರು. ಒಮ್ಮೆಯೂ ಕುಂಟಲಿಲ್ಲ. ಕೊನೆಯ ಪಂಕ್ತಿಯಲ್ಲಿ ಬಾಡಿಗೆಯವರು ಕೂತಿದ್ದೆವು. ಬೇಡ ಬೇಡವೆಂದರೂ ನನ್ನ ಎಲೆಗೆ ಇನ್ನೊಂದು ಮುದ್ದೆ ಬಿತ್ತು.

"ಉಣ್ಣವ್ವಾ," ಎಂದರು, "ಮೋಟರ್ ಆಮ್ಯಾಕೆ ಕೇಳೀವಂತೆ."