ಹಗೇವು ತೆಗೆದ ದಿನ

ಹೋದ ತಿಂಗಳು ತಂಬ್ರಹಳ್ಳಿಯ ನಮ್ಮ ಓಣಿಯಲ್ಲಿ ನೀರಿನ ಪೈಪು ಹೂಳಲು ಅಗೆಯುತ್ತಿದ್ದ ಜೆಸಿಬಿ ಒಂದು ಹಳೆಯ ಹಗೇವಿನ ಬಾಯಿ ಒಡೆಯಿತು. ತಳದಲ್ಲಿ ಕಪ್ಪಾದ ಹೊಟ್ಟು ಬಿಟ್ಟರೆ ಏನೂ ಇರಲಿಲ್ಲ. ಆದರೂ ವಾಸನೆ ಎದ್ದಿತು: ಬೆಚ್ಚಗಿನ, ಸ್ವಲ್ಪ ಹುಳಿಯಾದ, ಮಣ್ಣಿಗೆ ಹಳೆಯ ಜೋಳ ಬೆರೆತ ವಾಸನೆ. ಕಾಳನ್ನು ನೆಲದೊಳಗೆ ತುಂಬಿಡುವ ಆಳದ ಗುಂಡಿಗೆ ನಮ್ಮ ಕಡೆ ಹಗೇವು ಅನ್ನುತ್ತಾರೆ. ನಿಮ್ಮ ಮನೆಯಲ್ಲೂ ಒಂದಿದ್ದಿದ್ದರೆ ಆ ವಾಸನೆಯನ್ನು ನಾನು ವಿವರಿಸಬೇಕಾಗಿಲ್ಲ. ಸುತ್ತ ನಿಂತವರು ಮೂಗು ಮುಚ್ಚಿಕೊಂಡರು. ನಾನು ತಲೆ ತಗ್ಗಿಸಿದೆ.

ನಮ್ಮ ಮನೆಯ ಹಗೇವು ಅಂಗಳದ ನಡುವೆ ಇತ್ತು. ಬಾಯಿಗೆ ಚಪ್ಪಡಿ, ಚಪ್ಪಡಿಯ ಮೇಲೆ ಮಣ್ಣು, ಮಣ್ಣಿನ ಮೇಲೆ ಸಗಣಿಯ ಸಾರಣೆ, ಅದರ ಮೇಲೆ ಅಜ್ಜನ ಹೊರಸು. ತನ್ನ ಜೋಳದ ಮೇಲೆ ತಾನೇ ಮಲಗುತ್ತಿದ್ದ ಮನುಷ್ಯ. ಒಳಗೆ ಎಷ್ಟಿದೆ ಅನ್ನುವುದು ಮನೆಯ ಹೆಂಗಸರಿಗೂ ತಿಳಿಯುತ್ತಿರಲಿಲ್ಲ. ದೊಡ್ಡವ್ವ, ಅಂದರೆ ನನ್ನ ದೊಡ್ಡಪ್ಪನ ಹೆಂಡತಿ, ಕೂಡ್ಲಿಗಿ ಕಡೆಯ ಗುಡ್ಡದ ಊರಿನ ಕುರಿಗಾರರ ಮಗಳು. ಬಿಳಿಜೋಳದ ಹೊಲಗಳಲ್ಲಿ ಹಕ್ಕರಕಿ ಸೊಪ್ಪು ತಾನಾಗಿ ಎದ್ದ ಕೂಡಲೇ ಅವಳ ಕಾಲು ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಉಡಿ ತುಂಬ ಸೊಪ್ಪು, ಸೆರಗಿನ ಗಂಟಿನಲ್ಲಿ ಬದುವಿನ ಬಾರೆಹಣ್ಣು. ಸಂಜೆಗೆ ಬಾಡುವ ಸರಕು, ಇಟ್ಟುಕೊಂಡು ಏನು ಮಾಡುವುದು? ಓಣಿಯ ಮನೆಮನೆಗೂ ಒಂದೊಂದು ಹಿಡಿ ಹಾಕಿಯೇ ಒಳಗೆ ಬರುತ್ತಿದ್ದಳು. ಅಜ್ಜನಿಗೆ ಅದು ಅವಮಾನ.

“ಮಂದಿ ಹೊಲದಾಗ ಬಗ್ಗಿ ಸೊಪ್ಪು ಕೀಳಾಕ ನಮ್ಮ ಮನ್ಯಾಗ ಏನ್ ಕಡಿಮಿ ಆಗೈತಿ?”

“ಬಿತ್ತಿದ್ದು ಅವರ್ದು ಮಾವಾರ. ಯಾರೂ ಬಿತ್ತದ್ದು ಯಾರ್ದು, ನೀವಽ ಹೇಳ್ರಿ.”

ಮುಂದೆ ಕಾಲೇಜಿನಲ್ಲಿ ನನಗೆ ಚರ್ಚಾಸ್ಪರ್ಧೆಯ ಹುಚ್ಚು ಹಿಡಿಯಿತು. ಕೊಟ್ಟೂರಿನಲ್ಲಿ ಒಮ್ಮೆ, ಬೇಟೆ ಬಿಟ್ಟು ಬಿತ್ತನೆ ಹಿಡಿದ ಮನುಷ್ಯ ಗೆದ್ದನೋ ಸೋತನೋ ಅನ್ನುವ ವಿಷಯ. ಗೆದ್ದ ಅಂತಲೇ ವಾದಿಸಿದೆ. ಹೊಸ ಶಿಲಾಯುಗದವರನ್ನು ಸಾಕ್ಷಿಗೆ ಕರೆದೆ: ಕಲ್ಲಿನ ಕೊಡಲಿಯನ್ನು ಬಂಡೆಗೆ ಉಜ್ಜಿ ನುಣುಪು ಮಾಡಿದವರು, ದನ ಕಟ್ಟಿದವರು, ಅದರ ಸಗಣಿ ಸುಟ್ಟು ನಮ್ಮ ಬಳ್ಳಾರಿ ಸೀಮೆಯ ತುಂಬ ಬೂದಿದಿಬ್ಬಗಳನ್ನು ಬಿಟ್ಟುಹೋದವರು, ಹುರುಳಿ, ಹೆಸರು, ಸಣ್ಣ ಕಾಳುಗಳನ್ನು ಬಿತ್ತಿ ಗಡಿಗೆಯಲ್ಲಿ ತುಂಬಿಟ್ಟವರು. (ಜೋಳ ಬಂದದ್ದು ಬಹಳ ಆಮೇಲೆ; ಅದನ್ನೂ ಅವರೇ ಬಿತ್ತಿದರು ಅಂದ ಎದುರಾಳಿ ಅಲ್ಲೇ ಎಡವಿದ.) ಅಲೆದಾಡುತ್ತಿದ್ದ ಕಾಲ ಸ್ವರ್ಗವಾಗಿತ್ತು ಅನ್ನುವ ಕಥೆಯನ್ನು ನಾನು ಇವತ್ತಿಗೂ ನಂಬುವುದಿಲ್ಲ. ಅವರೂ ಹಸಿದಿರುತ್ತಾರೆ, ಹೊಡೆದಾಡಿರುತ್ತಾರೆ. ಆದರೆ ನಾಳೆಗೆ ಉಳಿಯದ ಊಟವನ್ನು ಬಚ್ಚಿಡಲು ಬರುವುದಿಲ್ಲ. ಉಳಿಯುವ ಕಾಳು ಬಂದ ಮೇಲೆ ಅದಕ್ಕೊಂದು ಮುಚ್ಚಳ ಬೇಕಾಯಿತು, ಮುಚ್ಚಳದ ಮೇಲೆ ಕಾಯುವವನು ಬೇಕಾದ. ಆ ಮಾತನ್ನು ವೇದಿಕೆಯಲ್ಲಿ ಯಾರೂ ನನಗೆ ಎದುರು ಹೇಳಲಿಲ್ಲ. ಹೇಳಿದ್ದರೆ ನಾನು ಸೋಲುತ್ತಿದ್ದೆ. ಏಕೆಂದರೆ ಚಿಕ್ಕಂದಿನಲ್ಲಿ, ಅಜ್ಜ ಹಾಗೆ ಕಾಳು ಕಾದ ಒಂದು ದಿನ, ನಾನು ಅಂಗಳದಲ್ಲೇ ಇದ್ದೆ.

ಹಗೇವು ತೆಗೆಯುವ ದಿನ ಅಜ್ಜ ಬೀದಿಬಾಗಿಲಿಗೆ ಅಗಳಿ ಹಾಕಿಸುತ್ತಿದ್ದ. ಕೆಟ್ಟ ಗಾಳಿ ಹೋಗುವವರೆಗೆ ಬಾಯಿ ತೆರೆದಿಟ್ಟು, ಕಂದೀಲು ಇಳಿಬಿಟ್ಟು ನೋಡಿ, ಆಮೇಲೆ ಅಪ್ಪ ಹಗ್ಗ ಹಿಡಿದು ಇಳಿಯುತ್ತಿದ್ದ. ಅವನು ಪುಟ್ಟಿ ತುಂಬಿದಂತೆ ಅಜ್ಜ ಎಳೆಯುತ್ತಿದ್ದ. ಆ ದಿನ ಯಾರಿಗೂ ಕಾಳು ಕೊಡಬಾರದು ಅನ್ನುವುದು ಮನೆಯ ಪದ್ಧತಿ. ಆ ವರ್ಷ ಪುಟ್ಟಿ ಎಳೆಯುವ ಹೊತ್ತಿಗೇ ಬಾಗಿಲು ಬಡಿಯಿತು. ಪಕ್ಕದ ಮನೆಯ ಹಸೀನಾಚಾಚಿ, ಪಂಪ್‌ಸೆಟ್ ರಿಪೇರಿ ಮಾಡುವ ಮಹಬೂಬಣ್ಣನ ಹೆಂಡತಿ, ಕೈಯಲ್ಲಿ ಕಾಳು ಕೇರುವ ಖಾಲಿ ಮರ ಹಿಡಿದು ನಿಂತಿದ್ದಳು. ಅಜ್ಜ ಬಾಗಿಲನ್ನು ಅರ್ಧ ಮಾತ್ರ ತೆರೆದ.

“ಹರಪನಹಳ್ಳಿಯಿಂದ ಬೀಗರು ಬಂದುಬಿಟ್ಟಾರ್ರಿ ಅಜ್ಜಾರ. ಒಂದು ಮರ ಜೋಳ ಕೊಡ್ರಿ, ಸಂತಿ ಆದಮ್ಯಾಲೆ ತಂದು ಹಾಕ್ತೀನಿ.”

“ಹಗೇವು ಇನ್ನಾ ತೆಗದಿಲ್ಲ ತಂಗಿ. ಮನ್ಯಾಗ ಕಾಳಿಲ್ಲ,” ಅಂದ ಅಜ್ಜ. ಅವನ ಹುಬ್ಬಿನ ಮೇಲೆ ಹೊಟ್ಟು ಕೂತಿತ್ತು. ಅಂಗಳದ ವಾಸನೆ ಬಾಗಿಲು ದಾಟಿ ಓಣಿಗೆ ಇಳಿದಿತ್ತು. ಸಾಲದ್ದಕ್ಕೆ, ನೆಲದೊಳಗಿಂದ ಅಪ್ಪ ಕೂಗಿದ: “ಅಪ್ಪಾ, ಪುಟ್ಟಿ ತುಂಬೇತಿ, ಎಳಕೋ!”

ಚಾಚಿ ಕೇಳಿಸಲೇ ಇಲ್ಲವೆಂಬಂತೆ ಮರವನ್ನು ತಿರುವಿ ಹಿಡಿದಳು. “ಇರ್ಲಿ ಬಿಡ್ರಿ, ಅಂಗಡ್ಯಾಗ ನೋಡ್ತೀನಿ.” ದೊಡ್ಡವ್ವ ಹಿಂದೆಯೇ ಓಡಿ ಉಡಿಯ ಹಕ್ಕರಕಿಯನ್ನೆಲ್ಲ ಆ ಮರಕ್ಕೆ ಸುರಿದಳು. “ತಗೋ ಹಸೀನಾ, ರೊಟ್ಟಿ ಜೋಡಿ ಛಲೋ ಆಗ್ತೈತಿ,” ಅಂದವಳು ನಾಲಿಗೆ ಕಚ್ಚಿಕೊಂಡಳು.

ಒಳಗೆ ಬಂದು ಅಜ್ಜನಿಗೆ ಅಂದಳು: “ತೆಗೆದ ದಿನ ಕೊಡಂಗಿಲ್ಲ ಅಂದಿದ್ರ ಸಾಕಾಗಿತ್ತಲ್ರಿ. ಆಕಿ ನಾಳೆ ಬರ್ತಿದ್ಲು.”

“ಐತಿ ಅಂತ ಗೊತ್ತಾದ್ರ ಓಣಿ ಎಲ್ಲಾ ಮರ ಹಿಡ್ಕಂಡು ನಿಂದರತೈತಿ.”

“ಓಣಿಗೇನ್ ಮೂಗಿಲ್ಲನ್ರಿ ಮಾವಾರ?”

ಅಜ್ಜನ ಪರವಾಗಿಯೂ ವಾದಿಸಬಲ್ಲೆ. ಬೀಜ ಉಳಿಸುವವನು ಜಿಪುಣನಾಗಲೇಬೇಕು. ಆ ಜಿಪುಣತನದ ರೊಟ್ಟಿಯನ್ನೇ ಉಂಡು ನಾನು ಬೆಳೆದೆ. ಆದರೆ ವಾದ ಅವನಿಗೇ ಸಾಲಲಿಲ್ಲ. ಮಹಬೂಬಣ್ಣ ಎಂದಿನಂತೆ ನಮ್ಮ ಪಂಪು ನೋಡಲು ಬಂದ, ಚಹಾ ಕುಡಿದ, ಒಂದು ಕೊಂಕೂ ಆಡಲಿಲ್ಲ. ಅವನು ಬಂದಾಗೆಲ್ಲ ಅಜ್ಜ ಹಿತ್ತಲಿಗೆ ಹೋಗುತ್ತಿದ್ದ. “ಒಂದು ಮಾತು ಅಂದು ಬರ್ರಿ, ಮುಗದು ಹೋಗ್ತೈತಿ” ಅಂತ ದೊಡ್ಡವ್ವ ಹೇಳಿದಾಗೆಲ್ಲ “ಹೋಗ್ತೀನಿ” ಅನ್ನುತ್ತಿದ್ದ. ಒಂದು ಗೋಡೆಯ ಆಚೆಯ ಮನೆ ಅದು.

ಹೋಗಲಿಲ್ಲ. ಮಹಬೂಬಣ್ಣ ಹಡಗಲಿಯಲ್ಲಿ ಅಂಗಡಿ ಹಾಕಿದ. ಸಾಮಾನು ತುಂಬಿದ ಟ್ರ್ಯಾಕ್ಟರು ಓಣಿಯಲ್ಲಿ ನಿಂತಿತು. ಚಾಚಿ ಪ್ರತಿ ಮನೆಗೂ ಹೇಳಿ ಕೊನೆಗೆ ನಮ್ಮಲ್ಲಿಗೆ ಬಂದಳು. ಊರು ಬಿಡುವಾಗ ಅವರಲ್ಲಿ ಎಲ್ಲರ ಬಳಿಯೂ ಕ್ಷಮೆ ಕೇಳಿ ಹೋಗುವ ರೂಢಿ.

“ಹೊಂಟ್ವಿ ಅಜ್ಜಾರ. ಅಂದಿದ್ದು ಆಡಿದ್ದು ಏನರ ಇದ್ರ ಮಾಫ್ ಮಾಡ್ರಿ.”

ಅಜ್ಜ ಅಂಗಳಕ್ಕೆ ಇಳಿದು ಬಂದ. ತುಟಿ ಅಲುಗಿತು. ದೊಡ್ಡವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಮಾಫಿ ಕೇಳಬೇಕಾದವನು ಅವನು; ಕೇಳಿದವಳು ಚಾಚಿ. ಟ್ರ್ಯಾಕ್ಟರಿನವನು ಹಾರ್ನ್ ಹೊಡೆದ. ಚಾಚಿ ಆದರೂ ನಿಂತಿದ್ದಳು, ಅವನಿಗೆ ಹೊತ್ತು ಕೊಡುವವಳಂತೆ. ಕೊನೆಗೆ ಅವಳೇ ಅಂದಳು: “ಬಿಸಿಲಾಗ ನಿಂದರಬ್ಯಾಡ್ರಿ ಅಜ್ಜಾರ, ಒಳಗ ನಡೀರಿ.”

ಈಗ ಅಜ್ಜ ಇಲ್ಲ, ದೊಡ್ಡವ್ವ ಇಲ್ಲ, ಮನೆಯ ಜಾಗದಲ್ಲಿ ಬೇರೆಯವರ ಗೋಡೆ ಎದ್ದಿದೆ. ಹಸೀನಾಚಾಚಿ ಹಡಗಲಿಯಲ್ಲಿ ಇದ್ದಾಳೆ, ಕಣ್ಣು ಮಂದವಾಗಿದೆಯಂತೆ. ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ಅವಳ ಬಾಗಿಲಲ್ಲಿ ಇರುತ್ತೇನೆ. ಹೋಗುತ್ತೇನೆ ಅಂತ ನಾನೂ ಅನ್ನುತ್ತಲೇ ಇದ್ದೇನೆ.