ಮುದುಕನಿಗೆ ಎಣ್ಣೆಸ್ನಾನ

ಶುಕ್ರವಾರ ಮಧ್ಯಾಹ್ನ ಮೂರು ಇಪ್ಪತ್ತಕ್ಕೆ ಸಿಸಿಲಿಯಾ ಆಂಟಿ ಹಾಡುವುದನ್ನು ನಿಲ್ಲಿಸಿದರು. ಬೆಟ್ಟದ ಮೇಲಿನ ಹಳ್ಳಿಯೊಂದನ್ನು ನೋಡಿಕೊಂಡು ಜಲ್ಲಿದಾರಿಯಲ್ಲಿ ಇಳಿಯುತ್ತಿದ್ದೆವು. ಗಾಡಿ ಓಡಿಸುವಾಗ ಅವರ ಬಾಯಲ್ಲಿ ಯಾವುದಾದರೊಂದು ಕೊಂಕಣಿ ಹಾಡು ಇದ್ದೇ ಇರುತ್ತಿತ್ತು. ಅದು ಸಾಲಿನ ಮಧ್ಯದಲ್ಲಿ ನಿಂತಿತಲ್ಲ ಎಂದೇ ನಾನು ತಲೆಯೆತ್ತಿ ಗಡಿಯಾರ ನೋಡಿದ್ದು. ಹಿಂದಿನ ಸೀಟಿನಲ್ಲಿ ನನ್ನ ಎಂಟು ವರ್ಷದ ಮಗಳು ಅನನ್ಯಾ ನಿದ್ದೆ ಹೋಗಿದ್ದಳು. ಆ ಗಳಿಗೆಗೆ ನನ್ನ ಮನಸ್ಸು ಇನ್ನೂ ಮತ್ತೆ ಮತ್ತೆ ಹೋಗುತ್ತದೆ. ಆದರೆ ಆಂಟಿಯ ಕಥೆಯನ್ನು ಅಲ್ಲಿಂದಲೇ ಹೇಳಿದರೆ ಅವರಿಗೆ ಅನ್ಯಾಯ ಮಾಡಿದಂತೆ.

ಈ ಅರಬ್ ನಾಡಿಗೆ, ಅಲ್ ಖೌದ್‌ನ ಕಟ್ಟಡಕ್ಕೆ ನಾವು ಬಂದ ಹೊಸದರಲ್ಲಿ ನಾನು ಮೊದಲು ಕಂಡದ್ದು ಅವರ ಪಾದಗಳನ್ನು. ಹಳೆಯ ಫೋರ್ ವೀಲ್ ಗಾಡಿಯೊಂದರ ಅಡಿಯಿಂದ ಅವು ಹೊರಚಾಚಿದ್ದವು. ಸುತ್ತ ಐದಾರು ಬೆಕ್ಕುಗಳು ಏನನ್ನೋ ಕಾಯುತ್ತ ಕೂತಿದ್ದವು. ಒಳಗಿನಿಂದ ಠಣ್ ಠಣ್ ಎಂಬ ಸದ್ದು. ಸ್ವಲ್ಪ ಹೊತ್ತಿಗೆ ಐವತ್ತು ದಾಟಿದ ಹೆಂಗಸೊಬ್ಬರು ಕೈಯಲ್ಲಿ ಅಡುಗೆಯ ಸೌಟು ಹಿಡಿದು ತೆವಳಿಕೊಂಡು ಹೊರಬಂದರು. ಮೈಯೆಲ್ಲ ಮೀನಿನ ನಾತ. "ಹೊಸಬರಾ? ಮೈಸೂರಾ? ಹಾಗಾದ್ರೆ ಮೂಗು ಮುಚ್ಚಿಕೊಳ್ಳಿ, ಬೇಜಾರಿಲ್ಲ," ಎಂದರು.

ವಾರವಿಡೀ ಅವರು ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯ ಹಲ್ಲಿನ ಆಸ್ಪತ್ರೆಯೊಂದರ ಸ್ವಾಗತದ ಮೇಜಿನಲ್ಲಿ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ಕೂರುತ್ತಿದ್ದರು. ಮದುವೆಯಾಗಿರಲಿಲ್ಲ. ಗಾಡಿಯನ್ನು ತಾವೇ ಕೊಂಡು, ಅದಕ್ಕೆ 'ಮುದುಕ' ಎಂದು ಹೆಸರಿಟ್ಟಿದ್ದರು. ಮನೆಯಲ್ಲೊಬ್ಬ ಮುದುಕ ಇದ್ದಾನೆ, ಅವನನ್ನು ನೋಡಿಕೊಂಡರೆ ಸಾಕು, ಇನ್ನೊಬ್ಬ ಯಾಕೆ ಎನ್ನುತ್ತಿದ್ದರು.

ಇಲ್ಲಿನ ಚಳಿಗಾಲ ಹೊರಗೆ ತಿರುಗಾಡುವ ಕಾಲ. ಸಮುದ್ರದ ದಂಡೆ, ಉಪ್ಪುನೆಲ, ವಾದಿ ಎಂಬ ನೀರು ಹರಿಯುವ ಹಳ್ಳಗಳು, ಎಲ್ಲವನ್ನೂ ಗಾಡಿಗಳು ಆಗಲೇ ಹಾಯುತ್ತವೆ. ಬೆಳಗಿನ ಜಾವ ಉಪ್ಪಿನ ಇಬ್ಬನಿ ಬಿದ್ದು ಕಬ್ಬಿಣ ಒದ್ದೆಯಾಗುತ್ತದೆ. ಬೇಸಿಗೆ ಮುದುಕನನ್ನು ಒಣಗಿಸುತ್ತದೆ, ಚಳಿ ತಿನ್ನುತ್ತದೆ ಎಂಬುದು ಆಂಟಿಯ ಸಿದ್ಧಾಂತ. ಅದಕ್ಕೇ ದೀಪಾವಳಿಯ ಹೊತ್ತಿಗೆ ಅವರ ಕೆಲಸ ಶುರುವಾಗುತ್ತಿತ್ತು. ಗಾಡಿಯ ಅಡಿಭಾಗವನ್ನು ಸಿಹಿನೀರಿನಲ್ಲಿ ತೊಳೆದು, ಬಾಗಿಲುಗಳ ಕೆಳಗಿನ ನೀರು ಸೋರುವ ತೂತುಗಳಿಗೆ ಪೊರಕೆಯ ಕಡ್ಡಿ ಆಡಿಸಿ, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಆಮೇಲೆ ಸೀಬ್ ಕಡಲಿನ ಬೆಸ್ತರಿಂದ ತಂದ ಮೀನೆಣ್ಣೆ ಬಳಿಯುತ್ತಿದ್ದರು. ಚಿಕ್ಕಂದಿನಲ್ಲಿ ಮೂಲ್ಕಿಯ ಹೊಳೆದಂಡೆಯಲ್ಲಿ ದೋಣಿಗಳಿಗೆ ಹಾಗೆ ಬಳಿಯುವುದನ್ನು ನೋಡಿದ್ದರಂತೆ. ನಾನು ನರಕ ಚತುರ್ದಶಿಯ ದಿನ ಅನನ್ಯಾಳ ತಲೆಗೆ ಎಣ್ಣೆ ಹಚ್ಚಿ ಕೆಳಗೆ ಕರೆತಂದರೆ ಆಂಟಿ ಅಡಿಯಿಂದಲೇ ಕೂಗುತ್ತಿದ್ದರು: "ನಿಮ್ಮಲ್ಲಿ ಮಕ್ಕಳಿಗೆ, ನಮ್ಮಲ್ಲಿ ಮುದುಕನಿಗೆ!"

ಎಣ್ಣೆಗೆ ಮೊದಲು ಸೌಟಿನ ಪರೀಕ್ಷೆ. ಗಾಡಿಯ ಭಾರ ಹೊರುವ ಚಾಸಿಯ ಉದ್ದಕ್ಕೂ ಸೌಟಿನ ಬೆನ್ನಿನಿಂದ ತಟ್ಟಿ ಕಿವಿಗೊಡುತ್ತಿದ್ದರು. ಠಣ್ ಎಂದರೆ ಗಟ್ಟಿ, ಡಬ್ ಎಂದರೆ ಒಳಗೆ ತುಕ್ಕು. ಅನನ್ಯಾಳನ್ನೂ ಬಗ್ಗಿಸಿ ಕೇಳಿಸುತ್ತಿದ್ದರು. "ಹಲಸು ಡಬ್ ಅಂದ್ರೆ ತಿನ್ನು ಮಗಾ, ಮುದುಕ ಡಬ್ ಅಂದ್ರೆ ಅಳು." ಅವಳು ಶಾಲೆಯಲ್ಲಿ ಇದನ್ನೇ ಇಂಗ್ಲಿಷಿನಲ್ಲಿ ಹೇಳಲು ಹೋಗಿ ಯಾರಿಗೂ ಅರ್ಥವಾಗದೆ ಅಳುಮುಖ ಮಾಡಿಕೊಂಡು ಬಂದಿದ್ದಳು.

ಇಲ್ಲಿ ಗಾಡಿಯ ನೋಂದಣಿಗೆ ಮುಲ್ಕಿಯಾ ಎನ್ನುತ್ತಾರೆ. ಪ್ರತಿವರ್ಷ ತಪಾಸಣೆಗೆ ಹೊರಡುವಾಗ ಆಂಟಿ ತಮ್ಮ ಅದೇ ನಗೆಮಾತನ್ನು ಹೊಸದೆಂಬಂತೆ ಹೇಳುತ್ತಿದ್ದರು: "ನಾನೇ ಮೂಲ್ಕಿಯವಳು, ನನ್ನ ಮುದುಕನಿಗೆ ಮುಲ್ಕಿಯಾ ಇಲ್ಲ ಅಂತಾರಾ?"

ಕಳೆದ ವರ್ಷ ಕಟ್ಟಡದವರು ನಾತದ ಬಗ್ಗೆ, ಬೆಕ್ಕುಗಳ ಬಗ್ಗೆ ದೂರಿದರು. ಆಂಟಿ ಜಗಳವಾಡುವವರಲ್ಲ. ಎಣ್ಣೆ ಬಿಟ್ಟು, ಅಂಗಡಿಯೊಂದರಲ್ಲಿ ದಪ್ಪನೆಯ ಕಪ್ಪು ಲೇಪ ಹಾಕಿಸಿಕೊಂಡು ಬಂದರು. ಅಡಿಭಾಗ ಹೊಸದರಂತೆ ಹೊಳೆಯಿತು. ಬೆಕ್ಕುಗಳು ಎರಡು ದಿನ ಮೂಸಿ ನೋಡಿ ಹೊರಟುಹೋದವು. ಆ ಸಂಜೆ ಸೌಟಿನಿಂದ ತಟ್ಟಿದರೆ ಎಲ್ಲ ಕಡೆಯೂ ಒಂದೇ ಮಂದವಾದ ಸದ್ದು. "ಎಂತದು ಮಾರಾಯ್ತಿ, ಕಂಬಳಿ ಹೊದ್ದು ಮಲಗಿದ ಹಾಗೆ. ಕೇಳಿದ್ರೆ ಉತ್ತರವೇ ಇಲ್ಲ," ಎಂದರು. ನಾನು ನಕ್ಕೆ. ಅವರು ನಗಲಿಲ್ಲ.

ಆ ಲೇಪದ ಹಿಂದೆ ಉಪ್ಪು ತನ್ನ ಪಾಡಿಗೆ ತಿನ್ನುತ್ತಲೇ ಇತ್ತು.

ಆ ಶುಕ್ರವಾರ ಹಾಡು ನಿಂತದ್ದು ಗಾಡಿಯ ಹಿಂಭಾಗ ಒಂದು ಕಡೆಗೆ ವಾಲಿದ್ದರಿಂದ. ಚಾಸಿ ಹಿಂದೆ ಮುರಿದಿತ್ತು, ಚಕ್ರ ಜರುಗಿ ಬ್ರೇಕಿನ ಕೊಳವೆಯನ್ನು ಕಿತ್ತಿತ್ತು. ಅದೆಲ್ಲ ಆಮೇಲೆ ತಿಳಿದದ್ದು. ಆಗ ನಾನು ಕಂಡದ್ದು ಬ್ರೇಕಿನ ಮೇಲೆ ಅವರ ಕಾಲು ತಳದವರೆಗೂ ಇಳಿದದ್ದನ್ನು. ಅವರ ಕಿಟಕಿಯಾಚೆ ಕಣಿವೆ. ಅವರು ಗಾಡಿಯನ್ನು ನನ್ನ ಕಡೆಗೆ, ಬೆಟ್ಟದ ಬಂಡೆಗೆ ತಿರುಗಿಸಿ ಒತ್ತಿದರು. ಕಬ್ಬಿಣ ಬಂಡೆಗೆ ಉಜ್ಜುತ್ತ ಕಿರುಚಿತು, ನನ್ನ ಕಿಟಕಿಯ ಗಾಜು ಒಡೆದು ಮಡಿಲಿಗೆ ಬಿತ್ತು, ಗಾಡಿ ನಿಂತಿತು. ಹಿಂದಿನ ಚಕ್ರವೊಂದು ದಾರಿಯ ಅಂಚಿನಲ್ಲಿತ್ತು.

ಆಂಟಿ ಎರಡೂ ಕೈಗಳಿಂದ ಹ್ಯಾಂಡ್‌ಬ್ರೇಕ್ ಎಳೆದು ಹಿಡಿದಿದ್ದರು. ದನಿ ಮಾತ್ರ ಆಸ್ಪತ್ರೆಯ ಸ್ವಾಗತದ ಮೇಜಿನ ಶಾಂತ ದನಿಯೇ. "ಸುಧಾ, ಹಿಂದೆ ಹೋಗು. ಹಿಂಬಾಗಿಲಿಂದ ಮಗುವನ್ನು ಇಳಿಸು, ನೀನೂ ಇಳಿ. ಮತ್ತೆ ಚಕ್ರಕ್ಕೆ ಕಲ್ಲು ಕೊಡು."

"ನೀವು?"

"ನಾನು ಕೈ ಬಿಟ್ರೆ ಮುದುಕ ಹೋಗ್ತಾನೆ. ಬೇಗ, ಮಾರಾಯ್ತಿ."

ಮಗಳನ್ನು ಇಳಿಸಿ ಬಂಡೆಯ ಬದಿಗೆ ನಿಲ್ಲಿಸಿದೆ. ಕಲ್ಲು ಹುಡುಕುತ್ತ ನಾನು ಓಡಾಡಿದ ಅಷ್ಟು ಹೊತ್ತೂ ಅವರು ಒಳಗೆ ಒಬ್ಬರೇ ಇದ್ದರು. ಚಕ್ರಗಳಿಗೆ ಕಲ್ಲು ಬಿಗಿದ ಮೇಲೆಯೇ ಕೈ ಸಡಿಲಿಸಿದ್ದು. ಇಳಿದ ಮೇಲೂ ಬಿಗಿದುಕೊಂಡೇ ಇದ್ದ ಆ ಬೆರಳುಗಳನ್ನು ನಾನೇ ಒಂದೊಂದಾಗಿ ಬಿಡಿಸಬೇಕಾಯಿತು. ಪಿಕಪ್ಪಿನಲ್ಲಿ ಬಂದ ಹಳ್ಳಿಯ ಹಿರಿಯರೊಬ್ಬರು ಬಗ್ಗಿ ನೋಡಿ, ಎದ್ದು, ಒಂದೇ ಮಾತು ಹೇಳಿದರು: "ಖಲಾಸ್."

ಅಂದಿನಿಂದ ನನಗೆ ನಿದ್ದೆಯಿರಲಿಲ್ಲ. ಕಣ್ಣು ಮುಚ್ಚಿದರೆ ಆ ಕಾಲು ತಳಕ್ಕಿಳಿಯುತ್ತಿತ್ತು. ಎದ್ದು ಹೋಗಿ ಅನನ್ಯಾಳ ಮಂಚದ ಕಬ್ಬಿಣವನ್ನು ಬೆರಳಿನಿಂದ ತಟ್ಟಿ ನೋಡುತ್ತಿದ್ದೆ. ಗೋಡೆಗಳನ್ನೂ ಬಿಡಲಿಲ್ಲ.

ಗಾಡಿಯನ್ನು ಎಳೆದು ತಂದ ಗ್ಯಾರೇಜಿನವನು ಒಂದು ತಗಡು ಬೆಸೆದು, ಮೇಲೆ ಲೇಪ ಬಳಿದು ಕೊಡುತ್ತೇನೆ, ಕೊಳ್ಳುವವರು ಇದ್ದಾರೆ ಎಂದ. ಚಿಕ್ಕ ಮಕ್ಕಳಿರುವ ಸಂಸಾರವಂತೆ, ಚಳಿಗಾಲ ಮುಗಿಯುವುದರೊಳಗೆ ಬೇಕಂತೆ. ಆಂಟಿ ನಿವೃತ್ತರಾಗಿ ಊರಿಗೆ ಹೊರಡಲು ಕೆಲವೇ ವಾರಗಳಿದ್ದವು. ಮುದುಕ ಯಾರದೋ ಕೈಯಲ್ಲಿ ಓಡುತ್ತಿರಲಿ ಎಂಬುದೊಂದೇ ಅವರ ಆಸೆಯಾಗಿತ್ತು ಎಂದು ನನಗೆ ಗೊತ್ತಿತ್ತು. "ಕಂಬಳಿ ಹೊದಿಸಿ ಇನ್ನೊಬ್ಬರ ಮಕ್ಕಳನ್ನು ಕೂರಿಸ್ಲಿಕ್ಕೆ ನನ್ನಿಂದ ಆಗುದಿಲ್ಲ," ಎಂದರು. "ಕತ್ತರಿಸಿ."

ಕತ್ತರಿಸುವ ದಿನ ನನ್ನನ್ನೂ ಕರೆದರು. ಬರುವುದಿಲ್ಲವೆಂದೆ. "ಬಾ. ನೋಡದೆ ಇದ್ರೆ ನಿಂಗೆ ಇದು ಮುಗಿಯುದಿಲ್ಲ," ಎಂದರು. ಮೊದಲು ಅವರೇ ಕೂತು ಒಂದು ಕಡೆಯ ಕಪ್ಪು ಲೇಪವನ್ನು ಕೆರೆದು ತೆಗೆದರು. ಸೌಟಿನಿಂದ ಒಮ್ಮೆ ತಟ್ಟಿದರು. ಡಬ್. ಕಬ್ಬಿಣದ ಸದ್ದೇ ಅಲ್ಲ ಅದು. ಯಂತ್ರ ಕೊಯ್ದಾಗ ಚಾಸಿಯ ಒಳಗಿನಿಂದ ಕೆಂಪು ಪುಡಿ ಚಹಾಪುಡಿಯಂತೆ ಸುರಿದು ನೆಲದಲ್ಲಿ ಗುಡ್ಡೆಯಾಯಿತು. ಆಂಟಿ ಅದನ್ನು ನೋಡುತ್ತ ನಿಂತರು. ಕಣ್ಣೊರೆಸಿಕೊಂಡು, "ಹೇಳಿದ್ದೆನಲ್ಲ, ಡಬ್ ಅಂದ್ರೆ ಅಳು ಅಂತ," ಎಂದರು. ನನ್ನ ಕೈ ಹಿಡಿದರು. ಆ ಕೈಯಲ್ಲಿ ಮೀನಿನ ನಾತ ಇರಲಿಲ್ಲ.

ಊರಿಗೆ ಹೋಗುವ ಮುನ್ನ ಅವರು ಮನೆಗೆ ಬಂದು ಹೋದರು, ವಿಮಾನ ನಿಲ್ದಾಣಕ್ಕೆ ನಾವೂ ಹೋಗಿದ್ದೆವು. ಆದರೂ ನನಗೆ ಅವರ ಕೊನೆಯ ಭೇಟಿಯೆಂದರೆ ಆ ಕೆಂಪು ಗುಡ್ಡೆಯ ಮುಂದೆ ನಿಂತದ್ದೇ. ಗಾಡಿ ಕತ್ತರಿಸಿದ ದಿನ ಸಂಜೆ ಹಿಂದಿರುಗಿದಾಗ ಅವರ ಪಾರ್ಕಿಂಗ್ ಜಾಗ ಖಾಲಿಯಿತ್ತು. ನೆಲಕ್ಕೆ ಇಳಿದಿದ್ದ ಹಳೆಯ ಎಣ್ಣೆಯ ಕಲೆಯ ಮೇಲೆ ಒಂದು ಬೆಕ್ಕು ಮಲಗಿತ್ತು. ನಾನು ಮೇಲೆ ಹೋಗಿ, ಮಂಚವನ್ನು ತಟ್ಟದೆ ಅನನ್ಯಾಳ ಪಕ್ಕದಲ್ಲಿ ಒರಗಿದೆ. ಕಣ್ಣು ಬಿಟ್ಟಾಗ ಬೆಳಗಾಗಿತ್ತು.