ಹದಿನೇಳನೇ ಹಾಳೆ

ಮೇಷ್ಟ್ರ ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಯಾವಾಗಲೂ ಒಂದು ಪಿನ್ನು ಚುಚ್ಚಿರುತ್ತಿತ್ತು. ಸೋಮವಾರ ಬೆಳಿಗ್ಗೆ ಕಾಲೇಜಿಗೆ ಬಂದವರೇ ನಮ್ಮ ಆಫೀಸಿನ ಬೆಂಚಿನ ಮೇಲೆ ಕೂತು, ಎಡಗಾಲನ್ನು ಬಲತೊಡೆಯ ಮೇಲಿಟ್ಟುಕೊಂಡು, ಹಿಮ್ಮಡಿಯಲ್ಲಿ ಮುರಿದು ಕೂತಿದ್ದ ಜಾಲಿ ಮುಳ್ಳನ್ನು ಆ ಪಿನ್ನಿನಿಂದ ಕೆದಕಿ ತೆಗೆಯುತ್ತಿದ್ದರು. ತೆಗೆದ ಮುಳ್ಳನ್ನು ಎಸೆಯುತ್ತಿರಲಿಲ್ಲ. ನನ್ನ ಮೇಜಿನ ಮೇಲಿಟ್ಟು, "ಇದು ಉಳ್ಳಾರ್ತಿ ಕಾವಲ್ ಕಡೇದು ಸಾಹೇಬ್ರೆ, ಫೈಲ್ ಮಾಡ್ಕಳ್ರಿ" ಅನ್ನುತ್ತಿದ್ದರು.

ಸಾಹೇಬ ಅಂದರೆ ನಾನು. ಚಳ್ಳಕೆರೆಯ ಆ ಕಾಲೇಜಿನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಗುಮಾಸ್ತನಾಗಿದ್ದವನು. ಪ್ರಿನ್ಸಿಪಾಲರು ಬದಲಾದರು, ಮೇಷ್ಟ್ರುಗಳು ಬದಲಾದರು, ನಾನು ಮತ್ತು ಕಬ್ಬಿಣದ ಬೀರು ಮಾತ್ರ ಅಲ್ಲೇ ಇದ್ದೆವು. ನನ್ನ ಅಕ್ಷರ ಎಷ್ಟು ಚೆಂದ ಅಂದರೆ, ಮದುವೆ ಪತ್ರಿಕೆಯ ಮೇಲೆ ಹೆಸರು ಬರೆಸಲು ಊರಿನ ಅರ್ಧ ಜನ ನನ್ನ ಹತ್ತಿರ ಬರುತ್ತಿದ್ದರು. ಇನ್ನೊಬ್ಬರ ಅಕ್ಷರ ಬರೆಯುವುದರಲ್ಲೂ ನನ್ನನ್ನು ಮೀರಿಸುವವರು ಇರಲಿಲ್ಲ. ಒಮ್ಮೆ ಪ್ರಿನ್ಸಿಪಾಲರ ಕೈಬರಹದಲ್ಲೇ "ನಾಳೆ ಎಲ್ಲ ಅಧ್ಯಾಪಕರೂ ಬಿಳಿ ಪಂಚೆಯಲ್ಲಿ ಬರತಕ್ಕದ್ದು" ಎಂದು ನೋಟೀಸು ಹಾಕಿದ್ದೆ. ಒಂಬತ್ತು ಜನ ಪಂಚೆ ಉಟ್ಟು ಬಂದಿದ್ದರು. ಅವರಲ್ಲಿ ಪ್ರಿನ್ಸಿಪಾಲರೂ ಒಬ್ಬರು. ತಾನು ಯಾವಾಗ ಬರೆದೆ ಎಂದು ನೆನಪಿಲ್ಲದೆ, ಬರೆದಿರಬಹುದೆಂದು ಉಟ್ಟುಕೊಂಡು ಬಂದಿದ್ದರು.

ಈ ಕಥೆಯನ್ನು ನೂರು ಸಲ ಹೇಳಿ ನೂರು ಸಲ ನಗಿಸಿದ್ದೇನೆ. ಮುಂದಿನದನ್ನು ಯಾರಿಗೂ ಹೇಳಿರಲಿಲ್ಲ.

ಮೇಷ್ಟ್ರು ನಮ್ಮಲ್ಲಿ ಕನ್ನಡ ಕಲಿಸುತ್ತಿದ್ದರು. ಪಾಠದ ಜೊತೆಗೆ ಮೊದಲ ವರ್ಷದ ಡಿಗ್ರಿ ಮಕ್ಕಳಿಗೆ ಬರವಣಿಗೆಯ ತರಗತಿಯೊಂದನ್ನು ಅವರೇ ಹಟ ಹಿಡಿದು ಶುರು ಮಾಡಿಸಿದ್ದರು. ಅದರಲ್ಲಿ ಎರಡು ಗುಂಪು. ಆಗಲೇ ಬರೆಯಬಲ್ಲವರಿಗೆ ಬೆಳಿಗ್ಗೆ ಮೊದಲ ಪೀರಿಯಡ್ಡು. ವಾಕ್ಯದಿಂದಲೇ ಶುರು ಮಾಡಬೇಕಾದವರಿಗೆ ಸಾಯಂಕಾಲ, ಕೋಣೆ ಖಾಲಿಯಾಗುತ್ತಿದ್ದುದೇ ಮೂರೂವರೆಗೆ. ಯಾರು ಯಾವ ಗುಂಪಿಗೆ ಎನ್ನುವುದನ್ನು ಬೇರೆಯವರಾಗಿದ್ದರೆ ಪಿಯುಸಿ ಅಂಕ ನೋಡಿ ಹತ್ತು ನಿಮಿಷದಲ್ಲಿ ಮುಗಿಸುತ್ತಿದ್ದರು. ಇವರು ಅಂಕಪಟ್ಟಿಯನ್ನು ಕಣ್ಣೆತ್ತಿ ನೋಡುತ್ತಿರಲಿಲ್ಲ. ಮೊದಲ ದಿನವೇ ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟು, "ಕಾಲೇಜಿನ ಗೇಟಿನಿಂದ ನಿಮ್ಮ ಮನೆ ಬಾಗಿಲಿಗೆ ಹೋಗೋ ದಾರಿ ಬರೀರಿ" ಅನ್ನುತ್ತಿದ್ದರು. ಹೆಸರಿಲ್ಲ, ಊರಿಲ್ಲ, ಜಾತಿಯಿಲ್ಲ. ಹಾಳೆಯ ಮೂಲೆಯಲ್ಲಿ ಒಂದು ನಂಬರು ಮಾತ್ರ. ಯಾವ ನಂಬರು ಯಾರದು ಎನ್ನುವ ಪಟ್ಟಿ ನನ್ನ ಬೀರುವಿನಲ್ಲಿರುತ್ತಿತ್ತು.

"ಸಾರ್, ಲೊಕೇಶನ್ ಕಳಿಸ್ತೀನಿ, ಸಾಕಲ್ವಾ?" ಎಂದು ಪ್ರತಿ ವರ್ಷ ಯಾರಾದರೊಬ್ಬ ಕೇಳೇ ಕೇಳುತ್ತಿದ್ದ.

"ನಿನ್ನ ಮನೆ ಎಲ್ಲೈತೆ ಅನ್ನೋದು ನನಗೆ ಬ್ಯಾಡಪ್ಪ. ನೀನು ಕೈ ಹಿಡ್ಕಂಡು ಕರ್ಕಂಡು ಹೋಗ್ತೀಯೋ ಇಲ್ವೋ ಅದು ಬೇಕು ನನಗೆ."

ಆಮೇಲಿನದೇ ಮಜಾ. ಮೇಷ್ಟ್ರು ಆ ಹಾಳೆಗಳನ್ನು ಕುರ್ಚಿಯಲ್ಲಿ ಕೂತು ತಿದ್ದುತ್ತಿರಲಿಲ್ಲ. ಭಾನುವಾರ ಬಂತೆಂದರೆ ನಾಲ್ಕಾರು ಹಾಳೆ ಮಡಚಿಟ್ಟುಕೊಂಡು, ಬರೆದದ್ದನ್ನೇ ನೋಡಿಕೊಂಡು ಹೊರಡುತ್ತಿದ್ದರು. ಬಸ್ಸು ಹತ್ತು ಅಂತ ಇದ್ದರೆ ಹತ್ತುವುದು, ಇಳಿ ಅಂತ ಇದ್ದರೆ ಇಳಿಯುವುದು. ದಾರಿಯಲ್ಲಿ ಯಾರನ್ನೂ ಕೇಳುವ ಹಾಗಿಲ್ಲ, ಮುಂದಿನ ಸಾಲನ್ನು ಮೊದಲೇ ಓದಿಕೊಳ್ಳುವ ಹಾಗೂ ಇಲ್ಲ, ಅದು ಅವರಿಗೆ ಅವರೇ ಹಾಕಿಕೊಂಡ ಕಟ್ಟು. ಹಾಳೆ ಅವರನ್ನು ಬಾಗಿಲಿಗೆ ಮುಟ್ಟಿಸಿದರೆ ಬೆಳಗಿನ ಗುಂಪು, ನಡುವೆ ಕೈಬಿಟ್ಟರೆ ಸಾಯಂಕಾಲದ್ದು. "ಬರೆದೋರು ಓದೋನ ಜೊತಿಗೆ ಬರಲ್ಲ ಸಾಹೇಬ್ರೆ, ಹಾಳೆ ಒಂದೇ ಬರ್ತೈತೆ" ಅನ್ನುತ್ತಿದ್ದರು. ಎಲ್ಲ ಮುಗಿಯಲು ಎರಡು ಮೂರು ವಾರ ಹಿಡಿಯುತ್ತಿತ್ತು. ಮುಳ್ಳು ಬರುತ್ತಿದ್ದುದು ಹಾಗೆ.

ಒಂದು ವರ್ಷ ಊರಿನ ಎಣ್ಣೆ ಮಿಲ್ಲಿನ ಯಜಮಾನರ ಮಗನೊಬ್ಬ ಜಿಲ್ಲೆಗೇ ಹೆಚ್ಚು ಅಂಕ ತೆಗೆದು ಬಂದಿದ್ದ. ಎರಡು ಪುಟ ಬರೆದಿದ್ದ, ಹಕ್ಕಿಗಳ ಇಂಚರ, ಮುಂಜಾವಿನ ಹೊಂಬಿಸಿಲು, ಎಲ್ಲ ಇತ್ತು. ಮೇಷ್ಟ್ರು ಕಾಲೇಜಿನ ಗೇಟಿನಲ್ಲೇ ಅರ್ಧ ಗಂಟೆ ನಿಂತು ವಾಪಸು ಬಂದರು. ಯಜಮಾನರು ಕಾರಿನಲ್ಲಿ ಬಂದು ಕೂಗಾಡಿದರು, "ಏನ್ರೀ, ನಮ್ಮುಡುಗುನ್ನ ಕೊನೇ ಬೆಂಚಿಗೆ ಹಾಕೀರಂತಲ್ಲ!"

"ಹೊಂಬಿಸಿಲು ಚೆನ್ನಾಗೈತೆ ಯಜಮಾನ್ರೆ. ಗೇಟಿನಿಂದ ಎಡಕ್ಕೋ ಬಲಕ್ಕೋ ಅಂತ ಬರೆದಿದ್ರೆ ಹೊರಟೋಗಿರ್ತಿದ್ದೆ" ಎಂದರು ಮೇಷ್ಟ್ರು. ಹುಡುಗ ವರ್ಷವಿಡೀ ಸಾಯಂಕಾಲವೇ ಕೂತ. ಈಗ ಅವನು ಮೇಷ್ಟ್ರ ಹೆಸರು ಬಂದರೆ ಎದ್ದು ನಿಲ್ಲುತ್ತಾನೆ.

ಇಂಥವರನ್ನು ಕೆಣಕದೆ ಬಿಡುವುದು ನನ್ನಿಂದ ಹೇಗಾಗುತ್ತದೆ? ನನ್ನ ರಿಟೈರ್‌ಮೆಂಟಿಗೆ ಒಂದೂವರೆ ವರ್ಷವಿದ್ದಾಗ ಒಂದು ಆಟ ಹೂಡಿದೆ. ಆ ಸಲದ ಹಾಳೆಗಳ ಕಟ್ಟು ಒಂದು ದಿನ ನನ್ನ ಬೀರುವಿನಲ್ಲಿತ್ತು. ಕೈಗೆ ಬಂದ ಒಂದನ್ನು ಎಳೆದುಕೊಂಡೆ. ಹದಿನೇಳು. ಏನು ಬರೆದಿದೆ ಎಂದು ಓದಲೂ ಇಲ್ಲ, ಮಡಚಿ ಡ್ರಾಯರಿನ ತಳಕ್ಕೆ ತಳ್ಳಿದೆ. ಇನ್ನೊಂದು ಹಾಳೆ ತೆಗೆದು, ಎಳೆ ಮಕ್ಕಳ ಅಕ್ಷರದಲ್ಲಿ ನಾನೇ ದಾರಿ ಬರೆದು, ಮೂಲೆಗೆ ಹದಿನೇಳು ಎಂದು ಹಾಕಿ ಕಟ್ಟಿಗೆ ಸೇರಿಸಿದೆ. ತಳಕಿನ ಬಸ್ಸು ಹತ್ತಿ ತಳಕಿನಲ್ಲಿ ಇಳಿ, ರಸ್ತೆಯ ಪಕ್ಕದ ದೊಡ್ಡ ಹುಣಸೆಮರದ ಎಡಕ್ಕೆ ಕಾಲುದಾರಿ ಹಿಡಿ, ಹೊಲಗಳ ನಡುವೆ ಎರಡು ಮೈಲಿ ನಡೆ, ಅಲ್ಲೊಂದು ಹಳ್ಳಿ ಸಿಗುತ್ತದೆ, ಅಲ್ಲಿಂದ ಇನ್ನೊಂದು ಬಸ್ಸು ಹತ್ತಿ ಚಳ್ಳಕೆರೆಗೇ ವಾಪಸು ಬಾ, ಇಂಥ ಬೀದಿಯ ಇಂಥ ಬಾಗಿಲು ತಟ್ಟು. ಬಾಗಿಲು ನನ್ನ ಮನೆಯದು! ಮೇಷ್ಟ್ರು ಬೆವರು ಸುರಿಸಿಕೊಂಡು ಬಂದು ಬಾಗಿಲು ತಟ್ಟಬೇಕು, ನಾನು ತೆಗೆದು "ಬರ್ರಿ, ಕಾಲೇಜಿನಿಂದ ಐದು ನಿಮಿಷದ ದಾರಿಗೆ ಇಷ್ಟೊತ್ತು ಮಾಡಿದ್ರಿ" ಅನ್ನಬೇಕು. ಆಮೇಲೆ ನಿಜವಾದ ಹಾಳೆ ಕೈಗಿಟ್ಟು ನಗಬೇಕು. ಇಷ್ಟೇ ಇದ್ದದ್ದು ನನ್ನ ತಲೆಯಲ್ಲಿ.

ಭಾನುವಾರ ಮನೆಯಲ್ಲಿ ಮಿರ್ಚಿ ಕರಿಸಿ, ಮಂಡಕ್ಕಿ ಕಲೆಸಿಟ್ಟು ಕಾದೆ. ಮಧ್ಯಾಹ್ನ ಕಳೆಯಿತು, ಸಂಜೆಯಾಯಿತು. ಮೇಷ್ಟ್ರು ಬರಲಿಲ್ಲ.

ಸೋಮವಾರ ಬಂದರು. ಮುಖ ಬಿಸಿಲಿಗೆ ಕಮರಿತ್ತು, ಕಾಲಿಗೆ ಬಟ್ಟೆ ಸುತ್ತಿದ್ದರು. ನನ್ನ ಮೇಜಿನ ಮೇಲೆ ಒಂದಲ್ಲ, ಮೂರು ಮುಳ್ಳಿಟ್ಟರು.

"ಹದಿನೇಳು ನನ್ನ ನಡು ಹೊಲದಾಗೆ ಬಿಟ್ಟು ಹೋಯ್ತು ಸಾಹೇಬ್ರೆ. ತಳಕಿನಾಗೆ ಹುಣಸೆಮರ ಅಂತ ಬರೆದೈತೆ, ಅಲ್ಲಿ ಮರಾನೇ ಇಲ್ಲ. ರಸ್ತೆ ಅಗಲ ಮಾಡಿದಾಗ ಯಾವಾಗ್ಲೋ ಕಡಿದವ್ರೆ. ಯಾವ ಎಡ, ಯಾವ ಬಲ? ಬಿಸಿಲಾಗೆ ಸುತ್ತೀ ಸುತ್ತೀ ಬಂದೆ. ಬರೆದೋರು ಆ ದಾರೀಲಿ ನಡೆದೇ ಇಲ್ಲ. ಕುಂತಲ್ಲೇ ಕುಂತು ಬರೆದಾರೆ."

ಆಗಲೇ ಹೇಳಿಬಿಡಬಹುದಿತ್ತು. ನಗೆಯೂ ಬಾಯಿಗೆ ಬಂದಿತ್ತು. ಆದರೆ ಆ ಕೊನೆಯ ಮಾತು ನನಗೆ ಚುಚ್ಚಿತು. ಇಡೀ ತಾಲ್ಲೂಕಿನ ಮೂಲೆ ಮೂಲೆ ಗೊತ್ತು ಎಂದು ಕೊಚ್ಚಿಕೊಳ್ಳುವವನು ನಾನು. ಬರೆದದ್ದು ನಾನೇ ಎಂದರೆ ದಾರಿ ತಪ್ಪಿಸಿದ ಮಂಗನೂ ನಾನೇ ಆಗುತ್ತಿದ್ದೆ. ನಾಳೆ ಹೇಳೋಣ, ಹೇಗೂ ಪಟ್ಟಿ ಮಾಡುವಾಗ ಸರಿಮಾಡಿದರಾಯಿತು ಅಂದುಕೊಂಡೆ. ಪಟ್ಟಿ ಮಾಡುವ ದಿನವೂ ಬಂತು. ಮೇಷ್ಟ್ರು ನಂಬರು ಓದುತ್ತಾ ಹೋದರು, ನಾನು ಹೆಸರು ಬರೆಯುತ್ತಾ ಹೋದೆ. "ಹದಿನೇಳು, ಸಾಯಂಕಾಲ" ಅಂದರು. ಪಟ್ಟಿ ನೋಡಿದೆ. ಸಿದ್ದಾಪುರದ ಒಬ್ಬ ಹುಡುಗಿ. ಒಂದು ಕ್ಷಣ ಪೆನ್ನು ನಿಂತಿತು. ಆಮೇಲೆ ನನ್ನ ಆ ಚೆಂದದ ಅಕ್ಷರದಲ್ಲೇ ಅವಳ ಹೆಸರನ್ನು ಸಾಯಂಕಾಲದ ಗುಂಪಿಗೆ ಬರೆದೆ. ಬೆಳಿಗ್ಗೆ ಕೂತರೇನು, ಸಾಯಂಕಾಲ ಕೂತರೇನು, ಪಾಠ ಪಾಠವೇ ಅಂದುಕೊಂಡೆ.

ವಾರದೊಳಗೆ ಅವಳ ಅಪ್ಪ ಬಂದ. ಕುರಿ ಸಾಕಿ, ಶೇಂಗಾ ಬೆಳೆದು ಬದುಕುವ ಮನುಷ್ಯ. ಹೆಗಲ ಮೇಲೆ ಟವೆಲ್ಲು, ಹಿಂದೆ ಮಗಳು. ಆಫೀಸಿನಲ್ಲೇ ಮೇಷ್ಟ್ರು ಸಿಕ್ಕರು.

"ಸಾಮಿ, ನಾಲ್ಕು ಗಂಟಿಗೆ ಒಂದು ಬಸ್ಸೈತೆ. ಅದು ಹತ್ತಿದ್ರೆ ಮೊಳಕಾಲ್ಮುರಿನಾಗೆ ನಮ್ಮೂರಿನ ಬಸ್ಸು ಸಿಗ್ತೈತೆ. ನಿಮ್ಮ ಪಾಠ ನಾಲ್ಕೂವರಿಗೆ ಬಿಡ್ತೈತಂತೆ. ಮೂರು ದಿನ ಕತ್ತಲಾದ ಮ್ಯಾಲೆ ಬಂತು ಹುಡುಗಿ. ಇನ್ನು ನಾನು ಕಳಿಸಾಕಿಲ್ಲ. ಬೆಳಿಗ್ಗೆ ಹಾಕಂಗಿದ್ರೆ ಹೇಳ್ರಿ."

ಮೇಷ್ಟ್ರು ಹುಡುಗಿಯ ಕಡೆ ತಿರುಗಿದರು. "ಯಾವೂರಮ್ಮ?"

"ಸಿದ್ದಾಪುರ ಸಾರ್."

"ಸಿದ್ದಾಪುರಾನಾ? ಮತ್ತೆ ತಳಕಿನಾಗೆ ಇಳೀರಿ ಅಂತ ಯಾಕೆ ಬರೆದೆ?"

"ನಾನು ಹಂಗೆ ಬರ್ದೇ ಇಲ್ಲ ಸಾರ್."

ಮೇಷ್ಟ್ರು ನನ್ನನ್ನು ನೋಡಿದರು. "ಸಾಹೇಬ್ರೆ, ಆ ಹದಿನೇಳು ತಗಂಬರ್ರಿ. ನೋಡೇಬಿಡಾಣ."

ಎದ್ದು ಹೋದೆ. ಬೀರುವಿನ ಮುಂದೆ ನಿಂತೆ. ಬೀರುವಿನಲ್ಲಿ ನಾನು ಬರೆದ ಹದಿನೇಳು, ಡ್ರಾಯರಿನಲ್ಲಿ ಅವಳು ಬರೆದ ಹದಿನೇಳು. ಯಾವುದನ್ನು ತೆಗೆದುಕೊಂಡು ಹೋದರೂ ನನ್ನ ಬಣ್ಣ ಬಯಲಾಗುತ್ತಿತ್ತು. ಪಿಂಚಣಿಯ ಕಾಗದ ಹೋಗಬೇಕಾದ ವರ್ಷ. ಪಂಚೆಯ ನೋಟೀಸು ಬೇರೆ, ಇದು ಬೇರೆ ಎಂದು ಆಗ ಹೊಳೆಯಿತು. ಸುಮ್ಮನೆ ನಾಲ್ಕು ಫೈಲು ಸದ್ದು ಮಾಡಿ ವಾಪಸು ಬಂದು, "ಸಿಗ್ತಾ ಇಲ್ಲ ಸಾರ್. ನಿಮ್ಮತ್ರಾನೇ ಉಳೀತೇನೋ" ಅಂದೆ.

ಮೇಷ್ಟ್ರು ತಮ್ಮ ಜೋಳಿಗೆ ತಡಕಿದರು. ಜೇಬು ಮುಟ್ಟಿ ನೋಡಿಕೊಂಡರು. ಇಲ್ಲದ ಹಾಳೆಯನ್ನು ಅವರು ಹುಡುಕುತ್ತಿದ್ದುದನ್ನು ನಾನು ಎದುರಿಗೇ ನಿಂತು ನೋಡಿದೆ. ಆಮೇಲೆ ಅವರು ಆ ಕುರಿಯವನಿಗೆ ಕೈಮುಗಿದರು.

"ತಪ್ಪು ನಂದೇ ಯಜಮಾನ್ರೆ. ಒಬ್ಬರ ಹಾಳೆ ಇನ್ನೊಬ್ಬರದು ಅಂತ ಓದಿಬಿಟ್ಟೀನಿ. ವಯಸ್ಸಾಯ್ತು. ನಾಳೆಯಿಂದ ಬೆಳಗಿನ ಗುಂಪಿಗೆ ಬಾರಮ್ಮ."

ಹುಡುಗಿ ತಲೆ ಎತ್ತಿದಳು. "ನಾನು ಬರ್ದಿದ್ದು ಓದೀರಾ ಸಾರ್?"

"ಇಲ್ಲಮ್ಮ. ಈಗಲೇ ಇನ್ನೊಂದ್ಸಲ ಬರಕೊಡು, ಈ ಭಾನುವಾರವೇ ಬರ್ತೀನಿ."

"ಒಂದ್ಸಲ ಬರ್ದೀನಿ ಸಾರ್. ಅದು ಓದಿ ಹಾಕಿದ್ರೆ ಬರ್ತಿದ್ದೆ. ಅಪ್ಪ ಬಂದು ಕೇಳಿದ್ಕೆ ಹಾಕಿದ್ರು ಅನ್ನಿಸ್ಕಳಾದು ನಂಗೆ ಬ್ಯಾಡ." ಅಪ್ಪನೇ "ಲೇ, ಹಾಕ್ತೀನಿ ಅಂತಾರಲ್ಲೇ" ಎಂದರೂ ಕೇಳಲಿಲ್ಲ. ಎರಡು ದಿನ ಬಿಟ್ಟು ಟಿ.ಸಿ. ತೆಗೆದುಕೊಂಡು ಮೊಳಕಾಲ್ಮುರಿನ ಕಾಲೇಜಿಗೆ ಸೇರಿದಳು. ಆ ಟಿ.ಸಿ. ಬರೆದದ್ದೂ ನಾನೇ.

ಮುಂದಿನ ವರ್ಷ ಮೊದಲ ದಿನ ಮೇಷ್ಟ್ರು ಹಾಳೆ ಹಂಚಲಿಲ್ಲ. ಆಫೀಸಿಗೆ ಬಂದು, "ಅಂಕಪಟ್ಟಿ ಕೊಡ್ರಿ ಸಾಹೇಬ್ರೆ, ಅದ್ರ ಮ್ಯಾಲೆ ಗುಂಪು ಮಾಡಾಣ" ಅಂದರು. "ಯಾಕೆ ಸಾರ್, ದಾರಿ?" ಅಂದೆ. "ನನ್ನ ಓದಿನ ಮ್ಯಾಲೆ ನಂಗೇ ನಂಬಿಕೆ ಹೋಗೈತೆ" ಅಂದರು. ಅಂಕಪಟ್ಟಿ ಕೊಟ್ಟೆ. ಹತ್ತು ನಿಮಿಷದಲ್ಲಿ ಮುಗಿಯಿತು. ಜೇಬಿನಲ್ಲಿ ಪಿನ್ನು ಆಮೇಲೂ ಇತ್ತು, ಕಾಲಿಗೆ ಮುಳ್ಳು ಇರಲಿಲ್ಲ.

ಇಬ್ಬರೂ ರಿಟೈರಾದ ಮೇಲೆ ಬಸ್ ಸ್ಟ್ಯಾಂಡ್ ಹತ್ತಿರ ದಿನಾ ಟೀ ಕುಡಿಯುತ್ತಿದ್ದೆವು. ನನ್ನ ಕಿತಾಪತಿ ಕಥೆಗಳಿಗೆ ಅವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಒಂದು ದಿನ ನಗು ಮುಗಿದ ಮೇಲೆ ಕೇಳಿದರು, "ಆ ಹದಿನೇಳು... ನೀನೇ ಏನಾರ ಆಟ ಕಟ್ಟಿದ್ದೇನಪ್ಪ?" ಕೋಪವಿರಲಿಲ್ಲ. ಹೌದು ಅಂದಿದ್ದರೆ ಅದಕ್ಕೂ ನಗುತ್ತಿದ್ದರೇನೋ. ಆ ನಗುವಿನಲ್ಲಿ ಅವರಿಗೆ ತಮ್ಮ ಓದು ವಾಪಸು ಸಿಗುತ್ತಿತ್ತು ಎಂದು ಈಗ ಅನ್ನಿಸುತ್ತದೆ.

"ನನ್ನಾಣೆ ಇಲ್ಲ ಸಾರ್" ಅಂದೆ.

"ಹಂಗಾದ್ರೆ ನಂದೇ ಬಿಡು" ಎಂದು ಲೋಟ ಕೆಳಗಿಟ್ಟರು.

ಹೋದ ಚಳಿಗಾಲದಲ್ಲಿ ಮೇಷ್ಟ್ರು ತೀರಿಕೊಂಡರು. ಮಣ್ಣಿಗೆ ಹೋಗಿ ಬಂದವನು, ರಿಟೈರಾದಾಗ ಡ್ರಾಯರಿನಿಂದ ಮನೆಗೆ ತಂದು ಟ್ರಂಕಿನ ತಳದಲ್ಲಿಟ್ಟಿದ್ದ ಆ ಹುಡುಗಿಯ ಮಡಚಿದ ಹಾಳೆ ತೆಗೆದೆ. ಏಳು ವರ್ಷದಲ್ಲಿ ಮೊದಲ ಸಲ ಬಿಚ್ಚಿದೆ. ಮುಂದಿನ ಭಾನುವಾರ ಅದನ್ನು ಹಿಡಿದುಕೊಂಡು ಬಸ್ಸು ಹತ್ತಿದೆ. ಮೇಷ್ಟ್ರ ಕಟ್ಟೇ ನನ್ನ ಕಟ್ಟು, ಯಾರನ್ನೂ ಕೇಳುವ ಹಾಗಿಲ್ಲ.

"ಸಿದ್ದಾಪುರದಲ್ಲಿ ಇಳಿದರೆ ಮೊದಲು ಕುರಿಯ ವಾಸನೆ ಬರುತ್ತದೆ, ಆಮೇಲೆ ಕುರಿ ಕಾಣುತ್ತವೆ. ಅವನ್ನು ಎಡಕ್ಕೆ ಬಿಟ್ಟು ಬನ್ನಿ" ಎಂದಿತ್ತು. ಬಂದೆ. "ದೊಡ್ಡ ಬಂಡೆಯ ನೆರಳು ಬೆಳಿಗ್ಗೆ ದಾರಿಯ ಮೇಲಿರುತ್ತದೆ. ಮಧ್ಯಾಹ್ನ ಬಂದರೆ ನೆರಳಿಲ್ಲ, ತಲೆಗೆ ಬಟ್ಟೆ ಹಾಕಿಕೊಳ್ಳಿ." ಹಾಕಿಕೊಂಡೆ. "ಮೂರನೇ ಮನೆಯ ನಾಯಿ ಬೊಗಳುತ್ತದೆ, ಹೆದರಬೇಡಿ. ನಾಲ್ಕನೇ ಮನೆಯದು ಬೊಗಳುವುದಿಲ್ಲ, ಅದಕ್ಕೆ ಹೆದರಿ." ಬೊಗಳುವ ನಾಯಿ ಹೋಗಿತ್ತು. ಬೊಗಳದ ನಾಯಿ ಮುದಿಯಾಗಿ ಮಲಗಿತ್ತು. ಕೊನೆಯ ಸಾಲು: "ನಮ್ಮ ಬಾಗಿಲು ಹಸಿರು. ನೀವು ಬರುವ ಹೊತ್ತಿಗೆ ಬಣ್ಣ ಬದಲಾಗಿದ್ದರೂ ಇರಬಹುದು. ಬಾಗಿಲ ಪಕ್ಕ ಒಂದು ಒರಳುಕಲ್ಲಿದೆ, ಅದನ್ನು ಯಾರೂ ಎತ್ತಲಾರರು."

ಬಾಗಿಲು ನೀಲಿಯಾಗಿತ್ತು. ಒರಳುಕಲ್ಲು ಅಲ್ಲೇ ಇತ್ತು.

ತಟ್ಟಿದೆ. ಬಾಗಿಲು ತೆಗೆದವಳು ಆ ಹುಡುಗಿಯೇ. ಮೊಳಕಾಲ್ಮುರಿನ ಒಂದು ಸ್ಕೂಲಿನಲ್ಲಿ ಕನ್ನಡ ಟೀಚರು ಎಂದು ಆಮೇಲೆ ತಿಳಿಯಿತು. ಗುರುತು ಸಿಗದೆ ನೋಡಿದಳು.

"ಯಾರ್ನ ಕೇಳ್ಕಂಡು ಬಂದ್ರಿ?"

"ಯಾರ್ನೂ ಕೇಳಲಿಲ್ಲವ್ವ" ಅಂದು ಹಾಳೆ ಕೊಟ್ಟೆ.

ಒರಳುಕಲ್ಲಿನ ಮೇಲೆ ಕೂತು ಎಲ್ಲ ಹೇಳಿದೆ. ನನ್ನ ಹುಣಸೆಮರ, ಬೀರು, ಡ್ರಾಯರು, ಟೀ ಅಂಗಡಿಯ ಆಣೆ. ಒಂದೂ ನಗೆಯ ಮಾತು ಸೇರಿಸದೆ ಕಥೆ ಹೇಳಿದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಅವಳು ತನ್ನ ಹಳೆಯ ಅಕ್ಷರವನ್ನು ನೋಡುತ್ತಾ ಕೇಳಿಸಿಕೊಂಡಳು. ಬೈಯಲಿಲ್ಲ. ಒಳಗೆ ಹೋಗಿ ಒಂದು ಚೊಂಬು ನೀರು ತಂದುಕೊಟ್ಟು, ಒಂದೇ ಒಂದು ಮಾತು ಕೇಳಿದಳು.

"ಆಮೇಲಾದ್ರೂ ಮೇಷ್ಟ್ರಿಗೆ ಹೇಳಿದ್ರಾ?"

"ಇಲ್ಲವ್ವ" ಎಂದು ನೀರಿನ ಚೊಂಬು ಕೆಳಗಿಟ್ಟೆ.